ಪಟ್ಟಿಯಲ್ಲಿ ಆರನೆಯದು

ಆಗಸ್ಟ್ 2
(ಬರೆದದ್ದು, ಅಂಚೆಗೆ ಹಾಕದ್ದು)

ಮಾವ,

ಪಿಟೀಲು ಕಳುವಾಯಿತು.

ಈ ಒಂದು ಸಾಲು ಬರೆದು ನಾಲ್ಕು ಹಾಳೆ ಹರಿದಿದ್ದೇನೆ. ಇದು ಐದನೆಯದು. ಮೊನ್ನೆ ಶುಕ್ರವಾರ ಸಂಜೆ ಪ್ರಾಕ್ಟೀಸಿಗೆ ಹೋಗಲು ಹಾಸ್ಟೆಲ್ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದೆ. ರೂಮಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು. ನಿನಗೆ ಗೊತ್ತಲ್ಲ, ನನಗದು ದಿನಕ್ಕೆ ಮೂರು ಸಲ ಬರುತ್ತದೆ. ಬೀಗ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಇನ್ನೊಮ್ಮೆ ಎಳೆದು ನೋಡುವವಳು ನಾನು. ಬೆಂಚಿನಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಚೀಲ ಇಟ್ಟುಕೊಂಡು ಕೂತಿದ್ದರು.

"ಆಂಟಿ, ಎರಡೇ ನಿಮಿಷ, ಇದನ್ನ ಸ್ವಲ್ಪ ನೋಡ್ಕೋತೀರಾ?"

"ಹೋಗ್ಬಾರಮ್ಮ. ನನ್ನ ಬಸ್ಸು ಎಲ್ಲಿ ಬರುತ್ತೆ ಈಗ್ಲೇ."

ಬೀಗ ಹಾಕಿಯೇ ಇತ್ತು. ಎರಡು ಸಲ ಎಳೆದು ನೋಡಿದೆ. ಕೆಳಗೆ ಬಂದರೆ ಅವರ ಬಸ್ಸು ಬಂದು ಹೋಗಿತ್ತು. ಬೆಂಚು ಖಾಲಿ.

ಪೊಲೀಸ್ ಠಾಣೆಯಲ್ಲಿ ಒಂದು ಫಾರಂ ಕೊಟ್ಟಿದ್ದಾರೆ. ಬೆನ್ನು ಹಲಗೆಯ ಉದ್ದ ಎಷ್ಟು, ಒಳಗೆ ಚೀಟಿ ಇದೆಯೇ, ಎಲ್ಲಿ ರಿಪೇರಿಯಾಗಿದೆ, ಯಾರಿಂದ ಬಂತು. ಐದು ವರ್ಷ ಗಲ್ಲಕ್ಕೆ ಒತ್ತಿಕೊಂಡಿದ್ದರ ಉದ್ದ ನನಗೆ ಗೊತ್ತಿಲ್ಲ. ಒಂದೇ ಒಂದು ಫೋಟೋ ಇದೆ, ಅದರಲ್ಲೂ ಅರ್ಧ ನನ್ನ ಗಲ್ಲ, ಇನ್ನರ್ಧ ನನ್ನ ಕೈ. "ನನ್ನ ಅಂಗಡೀಲಿ ಇದಕ್ಕಿಂತ ಒಳ್ಳೇದು ಇಲ್ಲ, ಗುಬ್ಬಿ, ಜೋಪಾನ" ಅಂತ ನೀನು ಕೊಟ್ಟದ್ದು. ತೊದಲುತ್ತ ಆ ವಾಕ್ಯ ಹೇಳಿ ಮುಗಿಸಲು ನಿನಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೂ ನನಗೆ ನೆನಪಿದೆ. ಈಗ ನಾನು ಹೇಗೆ


ಆಗಸ್ಟ್ 2
(ಅಂಚೆಗೆ ಹಾಕಿದ್ದು)

ಪ್ರೀತಿಯ ಮಾವ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಅಂದರೆ ಹಾಸ್ಟೆಲ್ಲೇ. ಎಂಟನೇ ವಯಸ್ಸಿನಿಂದ ನೋಡಿದ್ದೇ ಇದು. ಕಬ್ಬಿಣದ ಮಂಚ, ಕಿಟಕಿಗೆ ಒಣಹಾಕಿದ ಸಾಕ್ಸು, ವಾರ್ಡನ್ನಿನ ಚಪ್ಪಲಿ ಸದ್ದು. ಹೊಸದೆಂದರೆ ನನ್ನ ರೂಂಮೇಟ್. ಅವಳಿಗೆ ‘ಸೈರನ್’ ಎಂದು ಹೆಸರಿಟ್ಟಿದ್ದೇವೆ. ಮಲಗಿದಾಗ ಗೊತ್ತಾಗುತ್ತದೆ ಯಾಕೆ ಅಂತ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಮಾತು ಸಿಕ್ಕಿಕೊಂಡಾಗ ನಾನು ಅವಸರಪಟ್ಟು ವಾಕ್ಯ ಮುಗಿಸಿಕೊಡುತ್ತೇನೆ, ಆಮೇಲೆ ನೀನು ಸುಮ್ಮನಾಗಿಬಿಡುತ್ತೀಯ. ನಮಗೆ ಕಾಗದವೇ ಸರಿ.

ಒಂದು ಸಣ್ಣ ಕೆಲಸ ಇದೆ. ಕಾಲೇಜಿನಲ್ಲಿ ಎಲ್ಲರ ವಾದ್ಯದ ವಿವರ ಬರೆದುಕೊಳ್ಳುತ್ತಿದ್ದಾರೆ. ಸುಮ್ಮನೆ, ರೂಲ್ಸ್. ನಮ್ಮ ಪಿಟೀಲಿನ ಬೆನ್ನು ಹಲಗೆಯ ಉದ್ದ ಎಷ್ಟು? ಒಳಗೆ ಚೀಟಿಯೋ ಬರಹವೋ ಇದೆಯೇ? ಎಲ್ಲಾದರೂ ರಿಪೇರಿ ಆಗಿದೆಯೇ? ನಾನೇ ಅಳೆಯಬಹುದಿತ್ತು, ಆದರೆ ನನ್ನ ಅಳತೆ ನಿನಗೆ ಗೊತ್ತಲ್ಲ, ಮೂರು ಸಲ ಅಳೆದರೆ ಮೂರು ಉತ್ತರ. ಬೇಗ ಬರೆ. ಅಂದರೆ ಅವಸರ ಏನಿಲ್ಲ. ಆದರೂ ಬೇಗ.

ಪಿಟೀಲು ಚೆನ್ನಾಗಿದೆ.

ನಿನ್ನ ಗುಬ್ಬಿ


ಆಗಸ್ಟ್ 6

ಗುಬ್ಬಿ,

ನಿನ್ನ ಕಾಗದ ನೋಡಿ ಅಂಗಡಿಯ ಕೆಲಸವನ್ನೆಲ್ಲ ಬದಿಗೆ ತಳ್ಳಿದೆ. ಬದಿಗೆ ತಳ್ಳುವುದಕ್ಕೆ ಬಹಳ ಇರಲಿಲ್ಲ: ತಂತಿ ಬಿಗಿಸುವ ಬಿರಡೆ ಜಾರುವ ಒಂದು ಪಿಟೀಲು, ಮತ್ತು ಮಗು ಹಾರ್ಮೋನಿಯಂ ಒಳಗೆ ಬಿಸ್ಕತ್ತು ತುರುಕಿದ ಒಂದು ಮನೆಯವರ ದುಃಖ.

ಐದು ವರ್ಷದಲ್ಲಿ ನೀನು ನನ್ನ ಕಸುಬಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು. ಸಂತೋಷವಾಯಿತು. ಉತ್ತರ ಚಿಕ್ಕದು. ಉದ್ದ ಮುನ್ನೂರ ಐವತ್ತೆಂಟು ಮಿಲಿಮೀಟರ್. ಒಳಗೆ ಏನೂ ಇಲ್ಲ, ಬರೀ ಮರ. ರಿಪೇರಿ ಎಂಬುದು ಆಗಿಯೇ ಇಲ್ಲ.

ಆದರೆ ಈ ಫಾರಂ ಗೀರಂ ಎಲ್ಲ ಯಾಕೆ? ನುಡಿಸಲು ಹೋದ ಕೂಸಿನ ಕೈಯಲ್ಲಿ ಪೆನ್ನು ಕೊಡುವ ಕಾಲೇಜು ಎಂಥದು? ಬಾಯಿಗೆ ಬಂದದ್ದು ಬರೆದು ಕೊಟ್ಟುಬಿಡು. ಅದು ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ? ತಿಳಿದರೆ ಬರೆ.

ತಂತಿ ಒರೆಸದೆ ಪೆಟ್ಟಿಗೆಗೆ ಹಾಕಬೇಡ. ಈಗ ಏನು ನುಡಿಸುತ್ತಿದ್ದೀಯ? ಅದನ್ನು ಒಂದಕ್ಷರವೂ ಬರೆದಿಲ್ಲ.

ಮಾವ


ಆಗಸ್ಟ್ 11

ಪ್ರೀತಿಯ ಮಾವ,

ಥ್ಯಾಂಕ್ಸ್. ಬರೆದುಕೊಟ್ಟೆ. ಆದರೆ ನಮ್ಮ ಆಫೀಸಿನ ಗುಮಾಸ್ತರಿಗೆ ಅದು ಸಾಲದಂತೆ. ಅವರು ಸಣ್ಣ ಮನುಷ್ಯ, ದೊಡ್ಡ ಬೆಲ್ಟು. ನನ್ನ ಫಾರಂ ಓದಿ ಕನ್ನಡಕ ತೆಗೆದರು.

"ಏನಮ್ಮ ಇದು? ಒಳಗೆ ಏನೂ ಇಲ್ಲ, ರಿಪೇರಿ ಇಲ್ಲ, ಗುರುತು ಇಲ್ಲ. ಇದು ಪಿಟೀಲೋ, ಗಾಳಿಯೋ?"

"ಪಿಟೀಲು, ಸರ್."

"ನನ್ ಕಣ್ಣಿಗೆ ಎಲ್ಲಾ ಪಿಟೀಲೂ ಒಂದೇ. ಒಂದು ತಲೆ, ಒಂದು ಹೊಟ್ಟೆ. ನಿಮ್ಮದು ಅಂತ ನಾನ್ ಹೇಗ್ ನಂಬ್ಲಿ?"

ಸೈರನ್ ಪಕ್ಕದಲ್ಲಿದ್ದಳು. "ಸರ್, ನೀವು ಮದುವೇಲಿ ನಿಮ್ಮ ಹೆಂಡತೀನ ಹೇಗ್ ಗುರುತು ಹಿಡಿದ್ರಿ?" ಎಂದುಬಿಟ್ಟಳು. ಪುಣ್ಯಕ್ಕೆ ಅವರು ನಕ್ಕರು.

ಅವರಿಗೆ ಇನ್ನೂ ಬೇಕಿರುವುದು: ಅದನ್ನು ನೀನು ಯಾರ ಕೈಯಿಂದ, ಯಾವ ವರ್ಷ ತೆಗೆದುಕೊಂಡೆ? ಬಿಲ್ ಇದೆಯೇ? ಉದ್ದ ಇನ್ನೊಮ್ಮೆ ನೋಡಿ ಹೇಳುತ್ತೀಯಾ? ನಿನ್ನ ಹಳೇ ಪುಸ್ತಕದಲ್ಲಿ ಬರೆದಿಟ್ಟಿರುತ್ತೀಯಲ್ಲ. ಒಂದು ಗೀರು, ಒಂದು ಗಂಟು, ಏನಾದರೂ ಸರಿ. ಪ್ಲೀಸ್ ಮಾವ. ನುಡಿಸುವುದು ಸ್ವಲ್ಪ ನಿಂತಿದೆ. ಟೆಸ್ಟ್ ಇದೆ, ಅದಕ್ಕೆ.

ಗುಬ್ಬಿ


ಆಗಸ್ಟ್ 15

ಗುಬ್ಬಿ,

ಒಂದು ಅಂಗಡಿ ಮುಚ್ಚುವಾಗ ಕೊಂಡದ್ದು. ಬಿಲ್ ಇಲ್ಲ. ಗೀರು, ಗಂಟು ಯಾವುದೂ ಇಲ್ಲ. ಉದ್ದ ಹೇಳಿಯಾಯಿತು.

ಈ ಪ್ರಶ್ನೆಗಳನ್ನು ನಿನಗೆ ಯಾರು ಹೇಳಿಕೊಡುತ್ತಿದ್ದಾರೆ? ನಿನ್ನ ಅಮ್ಮ ಏನಾದರೂ ಹೇಳಿದಳೇ? ಅಕ್ಕನಿಗೆ ಮೊದಲಿನಿಂದಲೂ ನನ್ನ ಅಂಗಡಿಯ ಮೇಲೆ ಅನುಮಾನದ ಕಣ್ಣು.

ಹೀಗೆ ಮಾಡು. ಅದನ್ನು ಬಟ್ಟೆ ಸುತ್ತಿ ಪಾರ್ಸೆಲ್ ಮಾಡಿ ನನಗೆ ಕಳಿಸು. ಇದಕ್ಕಿಂತ ಒಳ್ಳೆಯದೊಂದನ್ನು ನಾನು ಕಳಿಸುತ್ತೇನೆ, ಬಿಲ್ ಸಮೇತ. ಆ ಬೆಲ್ಟಿನವರಿಗೆ ಅದನ್ನೇ ತೋರಿಸು. ಈ ವಾರವೇ ಕಳಿಸು.

ಮಾವ


ಆಗಸ್ಟ್ 22

ಗುಬ್ಬಿ,

ಪಾರ್ಸೆಲ್ ಬಂದಿಲ್ಲ. ನಿನ್ನ ಕಾಗದವೂ ಇಲ್ಲ. ನಿನಗೆ ಏನಾದರೂ ಗೊತ್ತಾಗಿದ್ದರೆ ನೇರವಾಗಿ ಕೇಳು. ಸುತ್ತಿ ಬಳಸಿ ಕೇಳಬೇಡ, ನನಗೆ ನಿದ್ದೆ ಬರುತ್ತಿಲ್ಲ.

ಮಾವ


ಆಗಸ್ಟ್ 26

ಮಾವ,

ನನಗೆ ಏನು ಗೊತ್ತಾಗಬೇಕಿತ್ತು? ನಿನಗೇ ಎಲ್ಲ ಗೊತ್ತಾಗಿಹೋಗಿದೆ, ಅದಕ್ಕೇ ಪಾರ್ಸೆಲ್ ಕೇಳಿ ನನ್ನ ಬಾಯಿ ಬಿಡಿಸುತ್ತಿದ್ದೀಯ ಅಂದುಕೊಂಡು ಒಂದು ವಾರ ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಹೇಳಿಬಿಡುತ್ತೇನೆ. ಕಾಲೇಜಿನ ಫಾರಂ ಎಂಬುದು ಸುಳ್ಳು. ಬೆಲ್ಟಿನವರು ಪೊಲೀಸ್ ಠಾಣೆಯ ಗುಮಾಸ್ತರು. ಜುಲೈ ಮೂವತ್ತೊಂದಕ್ಕೆ ಬಸ್ ಸ್ಟಾಪಿನಲ್ಲಿ ಪಿಟೀಲು ಕಳೆದೆ. ಬೀಗ ನೋಡಲು ಹೋಗಿದ್ದೆ. ಬೈಯಿ. ಆದರೆ ಪೂರ್ತಿ ಓದಿ ಆಮೇಲೆ ಬೈಯಿ.

ಯಾಕೆಂದರೆ ಅದು ಸಿಕ್ಕಿದೆ.

ಯಾರೋ ಒಬ್ಬ ಅದನ್ನು ದಿಂಬಿನ ಕವರಿನಲ್ಲಿ ಸುತ್ತಿ ಹಳೇ ಸಾಮಾನು, ವಾದ್ಯ ಕೊಳ್ಳುವ ಅಂಗಡಿಗೆ ತಂದನಂತೆ. ಪೆಟ್ಟಿಗೆ ಇಲ್ಲ, ಕಮಾನು ಇಲ್ಲ. ಅಂಗಡಿಯವರು ಠಾಣೆಗೆ ಹೇಳಿ ಕಳಿಸಿದ್ದಾರೆ, ಅವನು ಓಡಿಹೋಗಿದ್ದಾನೆ. ನಿನ್ನೆ ನನ್ನನ್ನು ಕರೆಸಿದರು. ಮೇಜಿನ ಮೇಲೆ, ಕಳುವಾದ ಇಸ್ತ್ರಿಪೆಟ್ಟಿಗೆ ಮತ್ತು ಒಂದು ಸೈಕಲ್ ಸೀಟಿನ ನಡುವೆ, ಅದು ಇತ್ತು. ನಾನು ಅಳಲಿಲ್ಲ, ಸೈರನ್ ಅತ್ತಳು.

ಗುಮಾಸ್ತರು ಮೊದಲು ಟೇಪು ಹಿಡಿದರು. ಮುನ್ನೂರ ಐವತ್ತೈದು. ನನ್ನ ಫಾರಂ ನೋಡಿದರು. ಐವತ್ತೆಂಟು. ಅಂಗಡಿಯವರು ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಪುಟ್ಟ ಕನ್ನಡಿ ತಂದಿದ್ದರು. ಮೇಲ್ಹಲಗೆಯ ರಂಧ್ರದಿಂದ ಅದನ್ನು ಇಳಿಸಿ, ಬಲ್ಬು ಹಿಡಿದು ನೋಡಿದರು.

"ಒಳಗೆ ಅಂಗೈ ಅಗಲ ತೇಪೆ ಇದೆ ಸಾರ್. ಮೇಲಿನ ಹಲಗೆ ಉದ್ದಕ್ಕೂ ಸೀಳಿತ್ತು, ಯಾರೋ ಕೂಡಿಸಿದ್ದಾರೆ. ಪೆನ್ಸಿಲಲ್ಲಿ ಏನೋ ಬರೆದೂ ಇದೆ."

ಗುಮಾಸ್ತರು ನನ್ನ ಕಡೆ ತಿರುಗಿದರು. "ರಿಪೇರಿ ಇಲ್ಲ, ಒಳಗೆ ಏನೂ ಇಲ್ಲ ಅಂತ ನೀವೇ ಸಹಿ ಹಾಕಿದೀರಲ್ಲಮ್ಮ. ಒಂದ್ ಕೆಲಸ ಮಾಡಿ. ಒಳಗೆ ಏನ್ ಬರೆದಿದೆ ಹೇಳಿ, ತಗೊಂಡ್ ಹೋಗಿ."

ನನ್ನದೇ ಪಿಟೀಲು ಮಾವ, ಆಣೆಗೂ. ಎತ್ತಿ ಗಲ್ಲಕ್ಕಿಟ್ಟರೆ ಗೊತ್ತಾಗುತ್ತದೆ. ಆದರೆ ಅದನ್ನು ಮುಟ್ಟಲು ಬಿಡಲಿಲ್ಲ. ನಾನು ಬರೆದುಕೊಟ್ಟ ಹಾಳೆಯಲ್ಲಿ ಬೇರೆ ಯಾವುದೋ ಪಿಟೀಲು ಇದೆ. ಕೂದಲೆಳೆ ಅಳೆಯುವ ನೀನು ಮೂರು ಮಿಲಿಮೀಟರ್ ತಪ್ಪಿದ್ದು ಹೇಗೆ? ಸೆಪ್ಟೆಂಬರ್ ಇಪ್ಪತ್ತೈದರವರೆಗೆ ಇಟ್ಟುಕೊಂಡು ಆಮೇಲೆ ಸೈಕಲ್ಲುಗಳ ಜೊತೆ ಹರಾಜು ಹಾಕುತ್ತಾರಂತೆ. ಒಳಗೆ ಏನು ಬರೆದಿದೆ?

ಗುಬ್ಬಿ


ಆಗಸ್ಟ್ 30

ಗುಬ್ಬಿ,

ಬೈಯುವುದಿಲ್ಲ. ಕಳವು ಎಲ್ಲರಿಗೂ ಆಗುತ್ತದೆ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ, ಅದನ್ನು ತಲೆಯಿಂದ ತೆಗೆದುಬಿಡು.

ಅಲ್ಲಿ ಸಿಕ್ಕಿರುವುದು ನಮ್ಮದಲ್ಲ. ಅಳತೆ ಕೂಡುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಪಿಟೀಲುಗಳು ಮೇಲಿಂದ ಒಂದೇ ಥರ ಕಾಣುತ್ತವೆ. ಹೋದದ್ದು ಹೋಯಿತು. ಠಾಣೆಗೆ ಇನ್ನು ಹೋಗಬೇಡ. ಹೊಸದನ್ನು ಸೋಮವಾರ ಕಳಿಸುತ್ತೇನೆ, ಕಮಾನು ಸಮೇತ.

ಮಾವ


ಸೆಪ್ಟೆಂಬರ್ 3

ಮಾವನವರಿಗೆ,

ನಿಮ್ಮ ಕಾಗದ ಬಂತು. ಹೊಸ ಪಿಟೀಲು ಕಳಿಸಬೇಡಿ. ಬಂದರೆ ಸಹಿ ಹಾಕದೆ ವಾಪಸ್ ಮಾಡುತ್ತೇನೆ.

ಬೈಯುತ್ತೀರಿ ಅಂತ ಒಂದು ತಿಂಗಳು ಹೆದರಿದ್ದೆ. ನೀವು ಬೈಯದೆ ಇದ್ದದ್ದಕ್ಕೆ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಯಾರೋ ಬಿರಡೆ ಜೋರಾಗಿ ತಿರುಗಿಸಿದರೆ ಎರಡು ದಿನ ಊಟ ಬಿಡುವವರು ನೀವು. ಪಿಟೀಲು ಇಸ್ತ್ರಿಪೆಟ್ಟಿಗೆಯ ಪಕ್ಕ ಮಲಗಿದೆ ಎಂದು ಬರೆದರೆ, ಅದಕ್ಕೆ ಏಟು ಬಿದ್ದಿದೆಯೇ ಎಂದು ಕೂಡ ಕೇಳಲಿಲ್ಲ. ಒಳಗಿನ ಬರಹ ಏನು ಎಂದು ಕೇಳಿದೆ, ಅದಕ್ಕೆ ಉತ್ತರವೇ ಇಲ್ಲ.

ನಿಮ್ಮ ಮಾತು ಮೀರಿ ಮತ್ತೆ ಹೋಗಿದ್ದೆ. ಗುಮಾಸ್ತರು ಈ ಸಲ ನಗಲಿಲ್ಲ. "ನೋಡಮ್ಮ, ಬೇರೆಯವರ ಸಾಮಾನು ತನ್ನದು ಅಂತ ಬರೆದುಕೊಡೋದೂ ಕಳ್ಳತನಾನೇ. ಓದೋ ಹುಡುಗಿ, ಯೋಚನೆ ಮಾಡು" ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸಂಗೀತದ ಸರ್‌ಗೆ ಪಿಟೀಲು ರಿಪೇರಿಗೆ ಹೋಗಿದೆ ಎಂದು ಸುಳ್ಳು ಹೇಳಿದ್ದೇನೆ. ಅಮ್ಮನಿಗೆ ಸುಳ್ಳು, ನಿಮಗೆ ಸುಳ್ಳು. ನನ್ನ ಸುಳ್ಳುಗಳನ್ನೆಲ್ಲ ನಾನು ಒಪ್ಪಿಕೊಂಡೆ. ನಿಮ್ಮದು ಯಾವುದು?

ನಿಮ್ಮ ಅಕ್ಕನ ಮಗಳು


ಸೆಪ್ಟೆಂಬರ್ 8

ಗುಬ್ಬಿ,

ಎರಡು ಹಾಳೆ ಬರೆಯುತ್ತಿದ್ದೇನೆ. ಬೇರೆ ಬೇರೆ ಮಡಚಿದ್ದೇನೆ.

ಮೊದಲ ಹಾಳೆ:

ಠಾಣೆಯ ಗುಮಾಸ್ತರಿಗೆ. ಆ ಪಿಟೀಲಿನ ಬೆನ್ನು ಹಲಗೆ ಮುನ್ನೂರ ಐವತ್ತೈದು ಮಿಲಿಮೀಟರ್. ಮೇಲ್ಹಲಗೆ ಬಲ ರಂಧ್ರದಿಂದ ಕೆಳಗಿನ ಅಂಚಿನವರೆಗೆ ಸೀಳಿದ್ದು, ಒಳಗಿನಿಂದ ಕೂಡಿಸಿದೆ. ಒಳಗೆ ಎರಡು ಹಲಗೆಗಳ ನಡುವಿನ ಆಧಾರದ ಕಡ್ಡಿ ನಿಲ್ಲುವ ಜಾಗದಲ್ಲಿ ತೇಪೆ. ತೇಪೆಯ ಎಡಕ್ಕೆ ಪೆನ್ಸಿಲ್ ಬರಹವಿದೆ, ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುತ್ತದೆ. ನಾಲ್ಕು ಸಾಲು: ‘ಸೈಕಲ್ ಟೀಚರ ಪಿಟೀಲು. ನನ್ನ ಕೈಯಲ್ಲಿ ಒಡೆಯಿತು. ನಾನೇ ಕೂಡಿಸಿದೆ. ಕೊಡಬೇಕು.’

ಎರಡನೆಯ ಹಾಳೆ, ನಿನಗೆ:

ನನ್ನನ್ನು ‘ನೀವು’ ಎಂದು ಬರೆದಿದ್ದೀಯ. ಇರಲಿ, ಓದು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ. ವಾದ್ಯದ ಹೊಟ್ಟೆ ಬಿಚ್ಚಿದವನು ಮುಚ್ಚುವ ಮೊದಲು ಒಳಗೆ ಬರೆಯಬೇಕು: ಯಾರದು, ಏನಾಗಿತ್ತು, ಏನು ಮಾಡಿದೆ. ಮುಂದೆ ಬಿಚ್ಚುವವನಿಗೆ ಅದು ಕಾಗದ. ಹೊರಗೆ ಎಷ್ಟು ಸುಳ್ಳು ಹೇಳಿದರೂ ಅಲ್ಲಿ ಹೇಳುವ ಹಾಗಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮೂರಿನಲ್ಲಿ ಒಬ್ಬ ಹೆಂಗಸು ಸಂಗೀತದ ಟೀಚರ್ ಆಗಿದ್ದರು. ಬೆನ್ನಿಗೆ ಪಿಟೀಲು ಕಟ್ಟಿಕೊಂಡು ಸೈಕಲ್ಲಿನಲ್ಲಿ ಶಾಲೆಯಿಂದ ಶಾಲೆಗೆ ಹೋಗುತ್ತಿದ್ದರು. ಒಳಗಿನ ಸಣ್ಣ ಕೆಲಸಕ್ಕೆಂದು ಅದನ್ನು ನನಗೆ ಕೊಟ್ಟರು. ಮೇಲ್ಹಲಗೆ ಬಿಡಿಸುವಾಗ ಬಿಸಿ ಚಾಕು ಸ್ವಲ್ಪ ಸ್ವಲ್ಪವೇ ಹೋಗಬೇಕು. ನಾನು ಅವಸರ ಮಾಡಿದೆ. ಚಟ್ ಎಂದಿತು. ಎಂಟು ವರ್ಷದ ಅನುಭವ ಇದ್ದವನು ಎಳೆಯ ಕೈಯವನ ಹಾಗೆ ಸೀಳಿಬಿಟ್ಟೆ.

ಎರಡು ದಿನದ ಮೇಲೆ ಅಂಗಡಿಗೆ ಕಳ್ಳರು ನುಗ್ಗಿದರು. ಐದು ವಾದ್ಯ ಹೋದವು. ಒಡೆದದ್ದು ಒಳಕೋಣೆಯಲ್ಲಿತ್ತು, ಅದನ್ನು ಮುಟ್ಟಿರಲಿಲ್ಲ. ಠಾಣೆಯಲ್ಲಿ ಪಟ್ಟಿ ಕೊಡಿ ಎಂದರು. ಬಾಯಿ ತೊದಲುತ್ತದಲ್ಲ, ಬರೆದುಕೊಡುತ್ತೇನೆ ಎಂದೆ. ಐದು ಬರೆದೆ. ಆಮೇಲೆ ಆರನೆಯದಾಗಿ ಟೀಚರ ಪಿಟೀಲು ಬರೆದೆ. ಕೂಡಿಸಿ ಸರಿಮಾಡಿ, ಸಿಕ್ಕಿತು ಎಂದು ಕೊಟ್ಟರಾಯಿತು ಅಂದುಕೊಂಡೆ. ಒಡೆದೆ ಎನ್ನುವುದಕ್ಕಿಂತ ಕಳುವಾಯಿತು ಎನ್ನುವುದು ಸುಲಭ, ಗುಬ್ಬಿ. ಒಂದಕ್ಕೆ ನಾನು ಕೆಟ್ಟವನು, ಇನ್ನೊಂದಕ್ಕೆ ನಾನು ಅಯ್ಯೋ ಪಾಪ ಎನಿಸಿಕೊಳ್ಳುವವನು.

ಟೀಚರ್ ಬಂದು ನನಗೇ ಸಮಾಧಾನ ಮಾಡಿದರು. "ಹೋಗ್ಲಿ ಬಿಡಪ್ಪ, ನಿನ್ನ ಇಡೀ ಅಂಗಡೀನೇ ದೋಚಿದ್ದಾರೆ, ನನ್ನದೊಂದು ಯಾವ ಲೆಕ್ಕ" ಎಂದರು. ಎಂಟು ತಿಂಗಳಿಗೆ ಪಿಟೀಲು ಸರಿಯಾಯಿತು. ಒಳಗೆ ಬರೆದೆ, ಮುಚ್ಚಿದೆ. ಅಷ್ಟರಲ್ಲಿ ಹೇಳುವ ಬಾಯಿ ಹೋಗಿತ್ತು. ವರ್ಷಕ್ಕೊಮ್ಮೆ ಅವರು ಅಂಗಡಿಗೆ ಬಂದು, ಟೀ ಕುಡಿದು, "ಏನಪ್ಪ, ಸಿಕ್ತಾ?" ಎಂದು ಕೇಳುವರು. ನಾನು ತಲೆಯಾಡಿಸುವೆ. ಅವರ ತಲೆಯ ಮೇಲೆಯೇ ಅಟ್ಟದಲ್ಲಿ ಅದು ಇರುತ್ತಿತ್ತು. ಆರು ವರ್ಷ ಕೇಳಿದರು. ಆಮೇಲೆ ತಂಗಿಯ ಮನೆಗೆಂದು ಬೇರೆ ಊರಿಗೆ ಹೋದರು. ಎಲ್ಲಿ ಎಂದು ನನಗೆ ಗೊತ್ತು. ಆ ದಾರಿಯ ಬಸ್ಸನ್ನೂ ನಾನು ಹತ್ತಿಲ್ಲ.

ನಿನಗೆ ಕೊಟ್ಟಾಗ ಯಾರಿಗೋ ಕೊಟ್ಟೆನಲ್ಲ ಎಂದು ಹಗುರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ನೀನು ಫಾರಂ ಎಂದ ಕೂಡಲೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತಲ್ಲ, ಹಾಗಾಯಿತು ನನ್ನ ಕಥೆ. ಫಾರಂ ಎಂದರೆ ಪಟ್ಟಿ. ಪಟ್ಟಿ ಎಂದರೆ ಹಳೇ ಪಟ್ಟಿ. ಅದಕ್ಕೇ ಮೂರು ಮಿಲಿಮೀಟರ್ ಸೇರಿಸಿದೆ. ಆ ಮೂರು ಮಿಲಿಮೀಟರಿಗೆ ನಿನ್ನನ್ನು ಕಳ್ಳಿ ಎನ್ನುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ಹಾಳೆ ಕೊಟ್ಟರೆ ಸಾಕು, ಅವರು ಪಿಟೀಲು ಕೊಡುತ್ತಾರೆ. ಸೈಕಲ್ ಟೀಚರ್ ಯಾರು ಎಂದರೆ, ಹಳೇ ಗಿರಾಕಿ, ಮಾವನಿಗೆ ಮಾರಿದರು ಎನ್ನು. ಎರಡನೆಯದನ್ನು ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಇಪ್ಪತ್ತೆರಡು ವರ್ಷ ನನ್ನಿಂದ ಆಗದ್ದನ್ನು ನಿನ್ನ ತಲೆಗೆ ಕಟ್ಟುತ್ತಿದ್ದೇನೆ. ಅದೂ ತಪ್ಪೇ.

ಮಾವ


ಸೆಪ್ಟೆಂಬರ್ 13

ಮಾವ,

ಎರಡನೆಯ ಹಾಳೆಯನ್ನು ಶೂ ಒಳಗೆ ಇಟ್ಟುಕೊಂಡು ಹೋದೆ. ಮೊದಲಿನದನ್ನು ಮಾತ್ರ ಕೊಡುವುದು ಎಂದು ಸೈರನ್ ಜೊತೆ ಮಾತಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಪಿಟೀಲು ಬೇಕಿತ್ತು.

ಅಂಗಡಿಯವರು ಕನ್ನಡಿ ಇಳಿಸಿ ಒಂದೊಂದೇ ಅಕ್ಷರ ಓದಿದರು. ಗುಮಾಸ್ತರು ನಿನ್ನ ಹಾಳೆಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ನಾಲ್ಕೂ ಸಾಲು ಕೂಡಿದವು. ಅವರ ಮುಖ ಅರಳಿತು. "ಇದನ್ನ ಮೊದಲೇ ಹೇಳಬಾರದಾ, ತಾಯಿ? ಅವತ್ತು ಅಂದದ್ದು ಮನಸ್ಸಿಗೆ ಹಚ್ಕೋಬೇಡ" ಎಂದು ರಿಜಿಸ್ಟರ್ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹೆಸರಿನ ಮೊದಲ ಅಕ್ಷರ ಬರೆದೂ ಆಗಿತ್ತು.

ಆಗ ಅವರು ಸುಮ್ಮನೆ, ಅನುಮಾನದಿಂದಲ್ಲ, ಕೇಳಿದರು: "ಕೊನೇದು ‘ಕೊಡಬೇಕು’ ಅಂತಿದೆಯಲ್ಲ. ಕೊಟ್ಟರಾ?"

ನೀನು ಹೇಳಿಕೊಟ್ಟ ಮಾತು ಬಾಯಿವರೆಗೂ ಬಂತು. ನನ್ನ ನಾಲಿಗೆ ಯಾವತ್ತೂ ಸಿಕ್ಕಿಕೊಂಡದ್ದಿಲ್ಲ, ಅವತ್ತು ಸಿಕ್ಕಿಕೊಂಡಿತು. ಬಗ್ಗಿ ಶೂ ಬಿಚ್ಚಿದೆ. "ಏನಮ್ಮ, ಕಾಲಿಗೇನಾಯ್ತು?" ಎಂದರು. ಹಾಳೆ ಕೊಟ್ಟೆ.

ಓದಿ ಮುಗಿಸಿ ಬಹಳ ಹೊತ್ತು ಬೆಲ್ಟು ಸರಿಮಾಡಿಕೊಂಡರು. ಆಮೇಲೆ ನನ್ನ ಒಂದಕ್ಷರದ ಮೇಲೆ ಗೀಟು ಎಳೆದರು. ಹಳೆಯ ಪಟ್ಟಿ ನಿಮ್ಮೂರಿನ ಠಾಣೆಯದು, ಅಲ್ಲಿಗೆ ನೀನೇ ಹೋಗಿ ಆರನೆಯದನ್ನು ಹೊಡೆದುಹಾಕಿಸಬೇಕಂತೆ. ಪಿಟೀಲನ್ನು ಟೀಚರ್ ಒಬ್ಬರಿಗೇ ಕೊಡುವುದು. ಅವರು ಬರಲಾಗದಿದ್ದರೆ, ಇಂಥವರ ಕೈಯಲ್ಲಿ ಕಳಿಸಿ ಎಂದು ಸಹಿ ಹಾಕಿ ಕೊಡಲಿ ಎಂದರು. ಇಪ್ಪತ್ತೈದಕ್ಕೆ ಇನ್ನು ಹನ್ನೆರಡು ದಿನ. ಅವರ ಮನೆ ಗೊತ್ತಿರುವುದು ನಿನಗೆ ಮಾತ್ರ. ನನಗೆ ಕೋಪ ಇದೆ, ಆದರೆ ಅದಕ್ಕೆ ಈಗ ಟೈಮ್ ಇಲ್ಲ. ಬಸ್ಸು ಹತ್ತು ಮಾವ.

ಗುಬ್ಬಿ


ಸೆಪ್ಟೆಂಬರ್ 18

ಗುಬ್ಬಿ,

ಹೋಗಿದ್ದೆ. ಮೂರು ಮಹಡಿ, ಲಿಫ್ಟ್ ಇಲ್ಲ. ಪ್ರತಿ ತಿರುವಿನಲ್ಲಿ ನಿಂತೆ. ಮೊಣಕಾಲು ನೋವಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಬಾಗಿಲಲ್ಲಿ ಕೈಗೆ ಕೊಟ್ಟರಾಯಿತು ಎಂದು.

ಅವರೇ ಬಾಗಿಲು ತೆಗೆದರು. ಕೂದಲು ಪೂರ್ತಿ ಬೆಳ್ಳಗೆ. ನನ್ನನ್ನು ಕಂಡದ್ದೇ ಹದಿನಾರು ವರ್ಷ ಕಳೆದೇ ಇಲ್ಲವೇನೋ ಎಂಬಂತೆ, "ಏನಪ್ಪ, ಸಿಕ್ತಾ?" ಎಂದರು.

ಚೀಟಿ ಜೇಬಿನಲ್ಲೇ ಉಳಿಯಿತು. "ಸಿ... ಸಿ... ಸಿಕ್ತು" ಎಂದೆ. ಆಮೇಲೆ ಉಳಿದದ್ದನ್ನೂ ಬಾಯಲ್ಲೇ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಅವರ ತಂಗಿ ಒಳಗಿಂದ ಎರಡು ಸಲ ಬಂದು ಇಣುಕಿ ಹೋದರು. ಟೀಚರ್ ನನ್ನ ಒಂದು ಮಾತನ್ನೂ ತಾವು ಮುಗಿಸಿಕೊಡಲಿಲ್ಲ, ಕಾದರು.

ಕೊನೆಗೆ ಕೇಳಿದರು: "ಎಂಟು ತಿಂಗಳಿಗೆ ಕೂಡಿಸ್ದೆ ಅಂದ್ಯಲ್ಲ. ಉಳಿದ ಇಪ್ಪತ್ತೊಂದು ವರ್ಷ ಏನ್ ಮಾಡ್ತಿದ್ದೆ?"

ಠಾಣೆಗೆ ಬೇಕಾದ ಕಾಗದವನ್ನು ಅವರ ಮುಂದಿಟ್ಟೆ.

"ನಾನ್ ಆಮೇಲೆ ಬೇರೆ ಪಿಟೀಲು ಮುಟ್ಟಲಿಲ್ಲ. ಬರೀ ಹಾಡಿಸಿ ಪಾಠ ಮಾಡ್ದೆ" ಎಂದರು. ಸಹಿ ಹಾಕಿದರು. ಟೀ ಕೇಳಲಿಲ್ಲ. ನಾನು ಮೆಟ್ಟಿಲಿಗೆ ಬಂದಾಗ ಹಿಂದಿನಿಂದ ಕೂಗಿ, "ನೀನ್ ತರಬೇಡ. ಆ ಹುಡುಗಿ ತರ್ಲಿ" ಎಂದರು.

ಸಹಿಯ ಕಾಗದ, ವಿಳಾಸ ಇದರೊಳಗಿವೆ. ನಿನಗೆ ಕಳಿಸಬೇಕೆಂದಿದ್ದ ಹೊಸ ಕಮಾನನ್ನೂ ಬೇರೆ ಪಾರ್ಸೆಲ್ ಮಾಡಿದ್ದೇನೆ, ಅವರಿಗೆ ಕೊಡು. ನಾಳೆ ಠಾಣೆಗೆ ಹೋಗುತ್ತೇನೆ. ಅಂಗಡಿ ಎರಡು ದಿನದಿಂದ ತೆಗೆದಿಲ್ಲ.

ಮಾವ


ಸೆಪ್ಟೆಂಬರ್ 24

ಮಾವ,

ಇದನ್ನು ಟೀಚರ ಮನೆಯಲ್ಲಿ, ಅವರ ತಂಗಿ ಕೊಟ್ಟ ಹಾಳೆಯಲ್ಲಿ, ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯುವುದು ಬಿಟ್ಟು ಇಲ್ಲಿ ನನಗೆ ಮಾಡಲು ಬೇರೆ ಕೆಲಸವಿಲ್ಲ.

ಬೆಳಿಗ್ಗೆ ಗುಮಾಸ್ತರು ಪಿಟೀಲು ಕೊಟ್ಟರು. ಪೆಟ್ಟಿಗೆ ಇಲ್ಲವಲ್ಲ, ಸೈರನ್ ತನ್ನ ಸ್ವೆಟರಿನಲ್ಲಿ ಸುತ್ತಿ ಕಟ್ಟಿದಳು. ಟೀಚರ ಕೈಯಿಂದ ರಸೀದಿಗೆ ಸಹಿ ಹಾಕಿಸಿ ನಾಳೆಯೊಳಗೆ ತಂದುಕೊಡಬೇಕು ಎಂದು ಗುಮಾಸ್ತರು ಮೂರು ಸಲ ಹೇಳಿದರು. ಬಸ್ಸಿನಲ್ಲಿ ನಾಲ್ಕು ಗಂಟೆ ಅದನ್ನು ತೊಡೆಯಿಂದ ಇಳಿಸಲಿಲ್ಲ. ಪಕ್ಕದವರು "ಮಗೂನಾ?" ಎಂದು ಕೇಳಿದರು. ಒಂದು ಸಲ, ಒಂದೇ ಸಲ, ಈ ಬಸ್ಸು ಇಳಿಯದೆ ಸುಮ್ಮನೆ ಹೋಗುತ್ತಲೇ ಇದ್ದರೆ ಎಂದುಕೊಂಡೆ. ನೀನು ಅದನ್ನು ಅಟ್ಟದಲ್ಲಿ ಹೇಗೆ ಇಟ್ಟುಕೊಂಡೆ ಎಂದು ಆಗ ಸ್ವಲ್ಪ ತಿಳಿಯಿತು. ತಿಳಿಯಿತು ಅಷ್ಟೆ, ಸರಿ ಎನ್ನುತ್ತಿಲ್ಲ.

ಟೀಚರ್ ಸ್ವೆಟರ್ ಬಿಚ್ಚಿದರು. ಹಲಗೆಯ ಮೇಲೆ ಹೆಬ್ಬೆರಳು ಎಳೆದುಕೊಂಡು ಹೋಗಿ, ಸೀಳಿದ ಜಾಗದಲ್ಲಿ ನಿಂತರು. ನನಗೆ ಐದು ವರ್ಷದಲ್ಲಿ ಕಾಣದ್ದು ಅವರ ಬೆರಳಿಗೆ ಐದು ಸೆಕೆಂಡಿಗೆ ಸಿಕ್ಕಿತು. "ಚೆನ್ನಾಗ್ ಕೂಡಿಸಿದಾನೆ, ಪಾಪಿ" ಎಂದರು. ಇದನ್ನು ನಿನಗೆ ಹೇಳು ಎನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ, ಅದಕ್ಕೆ ಬರೆದಿದ್ದೇನೆ.

ಶ್ರುತಿ ಮಾಡಲು ಅರ್ಧ ಗಂಟೆ. ಬೆರಳುಗಳು ಗಂಟು ಕಟ್ಟಿವೆ, ಬಿರಡೆ ತಿರುಗಿಸಲು ತಂಗಿಯನ್ನು ಕರೆದರು. ಮೊದಲು ಬಂದ ಸದ್ದು ತುಕ್ಕು ಹಿಡಿದ ಗೇಟಿನದು. ತಂಗಿ ನಗು ತಡೆಯಲಾರದೆ, "ಅಕ್ಕ, ಕೆಳಗಿನ ಮನೆಯವ್ರು ಪೊಲೀಸರಿಗೆ ಫೋನ್ ಮಾಡ್ತಾರೆ" ಎಂದರು. "ಮಾಡ್ಲಿ, ಅವರ ಹತ್ರಾನೇ ಇತ್ತು ಇದು" ಎಂದು ಮತ್ತೆ ಕಮಾನು ಎಳೆದರು. ಅದೇ ನಾಲ್ಕು ಸ್ವರ, ಮತ್ತೆ ಮತ್ತೆ. ತಪ್ಪುತ್ತದೆ, ನಿಲ್ಲಿಸುತ್ತಾರೆ, ಬೈದುಕೊಳ್ಳುತ್ತಾರೆ, ಮತ್ತೆ ಶುರು.

ನಾಲ್ಕೂವರೆಗೆ ಎದ್ದು ರಸೀದಿ, ಪೆನ್ನು ಮುಂದೆ ಹಿಡಿದೆ. "ಟೀಚರ್, ಒಂದು ಸಹಿ. ಐದು ಗಂಟೆಗೆ ಕೊನೇ ಬಸ್ಸು."

ಕಣ್ಣು ತೆರೆಯದೆ, "ಕೈ ಎಲ್ಲಿ ಖಾಲಿ ಇದೆ ನನಗೆ? ಕಾಯಮ್ಮ" ಎಂದರು.

ಐದರ ಬಸ್ಸು ಹೋಯಿತು. ವಾರ್ಡನ್‌ಗೆ ಏನು ಹೇಳಲಿ, ಗುಮಾಸ್ತರಿಗೆ ಏನು ಹೇಳಲಿ, ಗೊತ್ತಿಲ್ಲ. ತಂಗಿ ನನಗೆ ಹಾಸಿಗೆ ಹಾಕುತ್ತಿದ್ದಾರೆ. ರಸೀದಿ ನನ್ನ ತೊಡೆಯ ಮೇಲಿದೆ, ಪೆನ್ನು ನನ್ನ ಕೈಯಲ್ಲೇ ಇದೆ. ಅವರು ಇನ್ನೂ ನಿಲ್ಲಿಸಿಲ್ಲ.

ಗುಬ್ಬಿ